ತೆಗೆಯಲು ಕಲಿಸಿದೆವು, ಉಳಿಸಲು ಕಲಿಸಲಿಲ್ಲ

ಗರ್ಭಕೋಶ ಜಾರಿದೆ ಎಂದು ಬಂದ ಹೆಂಗಸಿಗೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ತೆಗೆದುಬಿಡೋಣ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತದೆ ಎಂದು ಸಂಕೋಚದಿಂದ ಹೇಳಿಕೊಂಡವಳಿಗೆ ಸಿಗುವ ಉತ್ತರವೂ ಒಂದೇ: ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ. ಎರಡೂ ತಪ್ಪು ಉತ್ತರಗಳು. ಜಾರಿದ ಗರ್ಭಕೋಶವನ್ನು ಅದರ ಜಾಗಕ್ಕೆ ಎತ್ತಿ ನಿಲ್ಲಿಸುವ ಶಸ್ತ್ರಚಿಕಿತ್ಸೆಗಳಿವೆ. ಕತ್ತರಿಯೇ ಬೇಡದೆ ರಿಂಗ್ ಪೆಸರಿ (ಯೋನಿಯೊಳಗೆ ಇಟ್ಟು ಆಸರೆ ಕೊಡುವ ಬಳೆ) ಹಾಕಿ ವರ್ಷಗಟ್ಟಲೆ ನೆಮ್ಮದಿಯಾಗಿಡುವ ದಾರಿಯಿದೆ. ಸರಿಯಾಗಿ ಹೇಳಿಕೊಟ್ಟ ವ್ಯಾಯಾಮದಿಂದಲೇ ಸೋರಿಕೆ ಹತೋಟಿಗೆ ಬರುವ ಹೆಂಗಸರು ಬಹಳ ಮಂದಿ ಇದ್ದಾರೆ. ಇದನ್ನೆಲ್ಲ ಬಲ್ಲ ತಜ್ಞರನ್ನು ತಯಾರು ಮಾಡುವ ಪೂರ್ಣಾವಧಿ ಫೆಲೊಶಿಪ್ ತರಬೇತಿಯನ್ನು ನಮ್ಮ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಕಟ್ಟಿ ಬೆಳೆಸದೆ ಹೋದದ್ದನ್ನು ಕೊರತೆ ಎಂದು ಮೆತ್ತಗೆ ಕರೆಯಲು ನಾವು ಸಿದ್ಧರಿಲ್ಲ. ಇದು ಕರ್ತವ್ಯಲೋಪ. ಇದರ ಬೆಲೆ ತೆತ್ತವರು, ಇಂದಿಗೂ ತೆರುತ್ತಿರುವವರು, ಬಡ ಹೆಣ್ಣುಮಕ್ಕಳು.

ಯುರೊಗೈನಕಾಲಜಿ ಎಂಬ ಈ ವಿಭಾಗ ಯಾಕೆ ಬೇಕು ಎಂಬುದನ್ನು ಹೆಣ್ಣಿನ ಶರೀರದ ರಚನೆಯೇ ಹೇಳುತ್ತದೆ. ಶ್ರೋಣಿಯಲ್ಲಿ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ ಮತ್ತು ಯೋನಿ, ಹಿಂದೆ ಗುದನಾಳ. ಮೂರನ್ನೂ ಕೆಳಗಿನಿಂದ ಹೊತ್ತಿರುವುದು ಒಂದೇ ಸ್ನಾಯುಗಳ ಹಾಸು. ಮೇಲಿನಿಂದ ಎಳೆದು ಹಿಡಿದಿರುವುದು ತ್ರಿಕಾಸ್ಥಿಗೂ ಶ್ರೋಣಿಯ ಗೋಡೆಗೂ ಬಿಗಿದ ಅಸ್ಥಿರಜ್ಜುಗಳು. ಗಂಟೆಗಟ್ಟಲೆ ಎಳೆದ ಹೆರಿಗೆ, ಮೇಲಿಂದ ಮೇಲೆ ಬಸಿರು, ಬಾಣಂತನ ಮುಗಿಯುವ ಮೊದಲೇ ತಲೆಗೇರಿದ ಹೊರೆ, ಮುಟ್ಟು ನಿಂತ ಮೇಲಿನ ಸವಕಳಿ ಇವು ಆ ಆಧಾರವನ್ನು ಹರಿದಾಗ ಮೂರೂ ಅಂಗಗಳು ಒಟ್ಟಿಗೆ ತೊಂದರೆಗೆ ಬೀಳುತ್ತವೆ. ಆಸ್ಪತ್ರೆಯಲ್ಲಿ ಮಾತ್ರ ಅವು ಬೇರೆ ಬೇರೆ ಕೋಣೆಗಳ ಸಮಸ್ಯೆ. ಮೂತ್ರದ ದೂರು ಯುರಾಲಜಿಗೆ, ಗರ್ಭಕೋಶದ್ದು ಸ್ತ್ರೀರೋಗ ವಿಭಾಗಕ್ಕೆ, ಮಲ ತಡೆಯಲಾಗದ್ದು ಸರ್ಜರಿಗೆ. ಒಂದು ಓಪಿಡಿ ಚೀಟಿ ಹಿಡಿದು ಮೂರು ಸಾಲುಗಳಲ್ಲಿ ನಿಂತ ಹೆಂಗಸು ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಬಸ್ಸಿನ ಸಮಯ ಆಗಿರುತ್ತದೆ. ಮಲ ಸೋರುವ ಮಾತನ್ನು ಆಕೆ ಹೇಳದೆಯೇ ಊರಿಗೆ ಹೋಗುತ್ತಾಳೆ.

ಆಧಾರ ಹರಿದು ಗರ್ಭಕೋಶ ಜಾರಿದಾಗ ಅದನ್ನೇ ತೆಗೆದುಹಾಕುವುದೆಂದರೆ ಹಗ್ಗ ಹರಿದು ತೊಟ್ಟಿಲು ನೆಲಕ್ಕೆ ಬಿತ್ತೆಂದು ತೊಟ್ಟಿಲನ್ನು ಆಚೆಗೆ ಎಸೆದ ಹಾಗೆ. ಹರಿದದ್ದು ಹರಿದೇ ಇರುತ್ತದೆ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳೂ ಇವೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ತೆಗೆದಾಗ ಯೋನಿಯ ಮೇಲ್ತುದಿಯನ್ನು ಗಟ್ಟಿಯಾದ ಆಧಾರಕ್ಕೆ ಹೊಲಿಯಬೇಕು. ಹೊಲಿಯದೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಆ ತುದಿಯೇ ಕೆಳಗಿಳಿದು ಹೊರಬರಬಹುದು, ಮತ್ತು ಆಗ ಮಾಡಬೇಕಾದ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಬಹಳ ಕಷ್ಟದ್ದು. ಹೊಲಿಗೆ ಹಾಕುವ ಜಾಗವಾದರೂ ಎಂಥದು? ಕೆಳಗಿನಿಂದ ಹೋದರೆ ಶ್ರೋಣಿಯ ಮುಖ್ಯ ನರ ಮತ್ತು ರಕ್ತನಾಳ ಪಕ್ಕದಲ್ಲೇ ಹಾದುಹೋಗುತ್ತವೆ. ಹೊಟ್ಟೆಯ ಕಡೆಯಿಂದ ಹೋದರೆ ತ್ರಿಕಾಸ್ಥಿಯ ಮುಂದಿನ ಸಿರೆಗಳು ಒಮ್ಮೆ ಹರಿದರೆ ರಕ್ತ ನಿಲ್ಲಿಸುವುದು ಪಳಗಿದ ಕೈಗೂ ಕಷ್ಟ. ಮೂತ್ರಪಿಂಡದಿಂದ ಇಳಿಯುವ ನಾಳ ಗರ್ಭಕಂಠದಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದು ಹೊಲಿಗೆಯಲ್ಲಿ ಸಿಕ್ಕಿಕೊಂಡಿತೇ ಎಂದು ನೋಡಲು ಶಸ್ತ್ರಚಿಕಿತ್ಸೆ ಮುಗಿಸುವ ಮೊದಲೇ ಮೂತ್ರಕೋಶದೊಳಗೆ ಸಿಸ್ಟೊಸ್ಕೋಪ್ ಎಂಬ ದರ್ಶಕವನ್ನು ಇಳಿಸಿ ನೋಡುವುದು ಈ ವಿಭಾಗದಲ್ಲಿ ತರಬೇತಾದವರಿಗೆ ಅಭ್ಯಾಸ. ಸಾಮಾನ್ಯ ಸ್ತ್ರೀರೋಗ ತರಬೇತಿಯಲ್ಲಿ ಎಷ್ಟು ಮಂದಿಯ ಕೈಗೆ ಆ ಉಪಕರಣ ಬಂದಿರುತ್ತದೆ?

ಅಮೆರಿಕದ ಆರೆಗಾನ್ ರಾಜ್ಯದ ಒಂದು ದೊಡ್ಡ ಆರೋಗ್ಯ ಸಂಸ್ಥೆಯ ದಾಖಲೆಗಳನ್ನು ಆಧರಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಭಾಗದ ದಿಕ್ಕನ್ನೇ ಬದಲಿಸಿತು. 80 ವರ್ಷ ತುಂಬುವುದರೊಳಗೆ ಶೇ 11ರಷ್ಟು ಮಹಿಳೆಯರಿಗೆ ಅಂಗ ಜಾರಿದ್ದಕ್ಕೋ ಮೂತ್ರ ಸೋರಿಕೆಗೋ ಶಸ್ತ್ರಚಿಕಿತ್ಸೆ ಆಗುತ್ತದೆ ಎಂದು ಅದು ಲೆಕ್ಕ ಹಾಕಿತು. ಆ ಶಸ್ತ್ರಚಿಕಿತ್ಸೆಗಳಲ್ಲಿ ಶೇ 29ರಷ್ಟು, ಹಿಂದೆ ಒಮ್ಮೆ ಮಾಡಿ ಫಲ ಕೊಡದೆ ಮತ್ತೆ ಮಾಡಿದವು. ಹತ್ತರಲ್ಲಿ ಸುಮಾರು ಮೂರು. ಇದನ್ನು ಅಲ್ಲಿನ ವೈದ್ಯ ಸಮುದಾಯ ವಿಧಿ ಎಂದುಕೊಂಡು ಸುಮ್ಮನಿರಲಿಲ್ಲ. 2011ರಲ್ಲಿ ಈ ವಿಭಾಗಕ್ಕೆ ಪ್ರತ್ಯೇಕ ಮಾನ್ಯತೆ ಸಿಕ್ಕಿತು, 2013ರಲ್ಲಿ ಮೊದಲ ಪ್ರಮಾಣೀಕರಣ ಪರೀಕ್ಷೆ ನಡೆಯಿತು. ನಾಲ್ಕು ವರ್ಷಗಳ ಸ್ತ್ರೀರೋಗ ತರಬೇತಿ ಮುಗಿಸಿದವರು ಮತ್ತೆ ಮೂರು ವರ್ಷ ಇದನ್ನೇ ಕಲಿಯಬೇಕು, ಯುರಾಲಜಿಯಿಂದ ಬಂದವರು ಎರಡು ವರ್ಷ. ಬ್ರಿಟನ್ನಿನಲ್ಲೂ ರಾಯಲ್ ಕಾಲೇಜಿನ ಉಸ್ತುವಾರಿಯಲ್ಲಿ ಇದು ಪ್ರತ್ಯೇಕ ಉಪವಿಶೇಷ ತರಬೇತಿ.

ನಮ್ಮಲ್ಲಿ ಎಂಬಿಬಿಎಸ್ ಮೇಲೆ ಮೂರು ವರ್ಷ ಎಂಎಸ್. ಆ ಮೂರು ವರ್ಷದ ಬಹುಪಾಲು ಹೆರಿಗೆ ಕೋಣೆಯಲ್ಲೂ ಸಿಸೇರಿಯನ್ ಮೇಜಿನ ಮುಂದೆಯೂ ಕಳೆಯುತ್ತದೆ, ಕಳೆಯಬೇಕಾದದ್ದೂ ಹಾಗೆಯೇ. ಮುಂದೆ ಸ್ತ್ರೀಯರ ಕ್ಯಾನ್ಸರ್ ಕಲಿಯುವವರಿಗೆ ಎಂಸಿಎಚ್ ಇದೆ. ಬಂಜೆತನದ ಚಿಕಿತ್ಸೆ ಕಲಿಯುವವರಿಗೆ ಡಿಎಂ ಇದೆ. ಶ್ರೋಣಿಯ ದುರಸ್ತಿ ಕಲಿಯಬಯಸುವ ಯುವ ವೈದ್ಯೆಯ ಮುಂದೆ ಇರುವುದು ಬೆರಳೆಣಿಕೆಯ ಒಳ್ಳೆಯ ಕೇಂದ್ರಗಳಲ್ಲಿ ಬೆರಳೆಣಿಕೆಯ ಸ್ಥಾನಗಳು. ಅವು ಸಿಗದಿದ್ದರೆ ದುಡ್ಡು ಕಟ್ಟಿ ಸೇರುವ ಕೆಲವೇ ವಾರಗಳ ಕೋರ್ಸುಗಳು. ಎರಡಕ್ಕೂ ಫೆಲೊಶಿಪ್ ಎಂದೇ ಹೆಸರು. ವೈದ್ಯರ ಬೋರ್ಡಿನ ಮೇಲೆ ಎರಡೂ ಒಂದೇ ಅಕ್ಷರಗಳಾಗಿ ಕಾಣುತ್ತವೆ. ಒಳಗೆ ಕಾಯುತ್ತಿರುವ ರೋಗಿಗೆ ಯಾವುದು ಯಾವುದೆಂದು ತಿಳಿಯುವ ಬಗೆಯೇ ಇಲ್ಲ. ಯಾವ ವಿಭಾಗಕ್ಕೆ ಪದವಿ, ಯಾವುದಕ್ಕೆ ಪ್ರಮಾಣಪತ್ರ ಎಂಬುದು ರೋಗದ ತೂಕ ನೋಡಿ ನಿರ್ಧಾರವಾಗಿಲ್ಲ ಎಂದೇ ನಮ್ಮ ತೀರ್ಮಾನ. ಬಂಜೆತನದ ಚಿಕಿತ್ಸೆಗೆ ಹಣ ಹೊಂದಿಸಿ ತರುವ ಕುಟುಂಬಗಳಿವೆ, ಅದರ ಸುತ್ತ ಊರೂರಲ್ಲಿ ಕ್ಲಿನಿಕ್‌ಗಳು ಎದ್ದಿವೆ. ಐವತ್ತು ದಾಟಿದ, ಗದ್ದೆ ಕೆಲಸ ಮಾಡುವ, ಸೋರಿಕೆಗೆ ಹಳೆ ಸೀರೆಯ ಬಟ್ಟೆ ಮಡಚಿ ಇಟ್ಟುಕೊಳ್ಳುವ ಹೆಂಗಸಿನ ಪರ ಹಣ ಹಿಡಿದು ಬರುವವರು ಯಾರೂ ಇಲ್ಲ. ಅಂಥವಳ ಪರವಾಗಿ ನಿಲ್ಲಬೇಕಾದ್ದು ಸರ್ಕಾರ, ಅದು ನಿಲ್ಲಲಿಲ್ಲ.

ಇದರ ಫಲ ಏನಾಯಿತು ಎಂಬುದಕ್ಕೆ ಬೇರೆ ರಾಜ್ಯಗಳತ್ತ ಬೆರಳು ತೋರಿಸಬೇಕಾಗಿಲ್ಲ. ಕಲಬುರಗಿ ಜಿಲ್ಲೆ ಸಾಕು. ಆಳಂದ, ಚಿಂಚೋಳಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಹೊಟ್ಟೆನೋವು, ಬಿಳಿ ಸೆರಗು, ಸೊಂಟನೋವು ಎಂದು ಪಟ್ಟಣದ ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಗರ್ಭಕೋಶ ಕಳೆದುಕೊಂಡು ಮನೆಗೆ ಬಂದರು. ಹಾಗೆ ಕಳೆದುಕೊಂಡವರು ಎರಡು ಸಾವಿರಕ್ಕೂ ಹೆಚ್ಚು ಎಂದು ಆಗ ವರದಿಯಾಗಿತ್ತು. ಅನೇಕರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರು ಎಂದು ಆ ಹೆಣ್ಣುಮಕ್ಕಳು ಹೇಳಿದರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೆನ್ನುಹತ್ತಿದವು, ತಾಂಡಾದ ಹೆಣ್ಣುಮಕ್ಕಳು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ಕೂತರು, ಆರೋಗ್ಯ ಇಲಾಖೆ ತನಿಖೆ ನಡೆಸಿತು, 2015ರಲ್ಲಿ ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶ ಹೊರಟಿತು.

ಆ ಆಸ್ಪತ್ರೆಗಳಲ್ಲಿ ನಡೆದದ್ದರ ಮೂಲದಲ್ಲಿ ದುರಾಸೆ ಇತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ದುರಾಸೆಗೆ ಕಾನೂನು ಬೇಕು, ಶಿಕ್ಷೆ ಬೇಕು. ಅದರಾಚೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಬೇರೆ ಎಲ್ಲಿಗೆ ಹೋಗಬಹುದಿತ್ತು? ಸೋಂಕಿಗೆ ಔಷಧಿ ಕೊಟ್ಟು, ಜಾರಿದ್ದರೆ ಪೆಸರಿ ಅಳತೆ ನೋಡಿ ಹಾಕಿ, ಬೇಕಿದ್ದರೆ ಗರ್ಭಕೋಶ ಉಳಿಸಿ ಎತ್ತಿ ಹೊಲಿದು, ವರ್ಷದ ಮೇಲೆ ಮತ್ತೆ ಕರೆದು ನೋಡುವ ಶ್ರೋಣಿ ಚಿಕಿತ್ಸಾ ವಿಭಾಗ ಹತ್ತಿರದಲ್ಲಿ ಇದ್ದಿದ್ದರೆ, ತೆಗೆಸು ಎಂದವರ ಮಾತನ್ನು ಪ್ರಶ್ನಿಸಲು ಒಂದು ಬಾಗಿಲು ಇರುತ್ತಿತ್ತು. ಮೋಸ ಮಾಡುವವರಿಗೆ ಅವಕಾಶ ಕೊಟ್ಟದ್ದು ಆ ಖಾಲಿ ಜಾಗ. ಅಂಡಾಶಯವನ್ನೂ ಸೇರಿಸಿ ತೆಗೆದಿದ್ದರೆ ಮೂವತ್ತರ ವಯಸ್ಸಿನಲ್ಲೇ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ. ಆಗ ಶಸ್ತ್ರಚಿಕಿತ್ಸೆಯಾದವರು ಈಗ ನಲವತ್ತು, ಐವತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಹುಡುಕಿ ಕರೆಸಿ, ಮೂಳೆಯಿಂದ ಮೂತ್ರಕೋಶದವರೆಗೆ ಪರೀಕ್ಷಿಸಿ ಚಿಕಿತ್ಸೆ ಕೊಡುವುದು ಸರ್ಕಾರದ ಋಣ. ಪರಿಹಾರಧನದ ಮಾತಿನಲ್ಲಿ ಆ ಋಣ ತೀರುವುದಿಲ್ಲ.

ದೇಶದ ಚಿತ್ರವೂ ಬೇರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 3ಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಾಗಿದೆ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಈ ಪ್ರಮಾಣ ಅದರ ಎರಡು ಪಟ್ಟಿಗೂ ಹೆಚ್ಚು. ಬಹುಪಾಲು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಅನಗತ್ಯ ಶಸ್ತ್ರಚಿಕಿತ್ಸೆಗಳ ಬಗ್ಗೆ ವೈದ್ಯ ನರೇಂದ್ರ ಗುಪ್ತ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದು ಹೇಳಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಹೀಗೆ ಮೂರು ಹಂತದ ನಿಗಾ ಸಮಿತಿಗಳು ಆ ಮಾರ್ಗಸೂಚಿಯ ಬೆನ್ನೆಲುಬು. ಸಮಿತಿ ಬೇಕು, ಇರಲಿ. ಆದರೆ ತೆಗೆದದ್ದನ್ನು ಎಣಿಸುವ ಸಮಿತಿ ಉಳಿಸುವ ಕೈಯನ್ನು ತಯಾರಿಸುವುದಿಲ್ಲ. ತೆಗೆಯಬೇಡಿ ಎಂದು ಜಿಲ್ಲಾಸ್ಪತ್ರೆಯ ವೈದ್ಯೆಗೆ ಆದೇಶ ಕಳಿಸಿ, ತೆಗೆಯದೆ ಬೇರೆ ಏನು ಮಾಡಬೇಕೆಂದು ಹೇಳಿಕೊಡದಿದ್ದರೆ ಆಕೆ ರೋಗಿಯನ್ನು ಮುಂದಿನ ಊರಿಗೆ ಕಳಿಸುತ್ತಾಳೆ, ಅಷ್ಟೇ.

ವಿಮೆಯೂ ಇದೇ ಕಡೆಗೆ ವಾಲಿದೆ. ಒಳರೋಗಿಯಾಗಿ ಸೇರಿಸಿ ಕತ್ತರಿ ಹಾಕಿದರೆ ಪ್ಯಾಕೇಜ್ ಹಣ ಬರುತ್ತದೆ. ಓಪಿಡಿಯಲ್ಲಿ ಅರ್ಧ ಗಂಟೆ ಕೂತು ಪೆಸರಿ ಹಾಕಿದರೆ, ಫಿಸಿಯೊಥೆರಪಿಯವರು ವಾರಕ್ಕೊಮ್ಮೆ ಸ್ನಾಯು ಬಿಗಿಯುವುದನ್ನು ಹೇಳಿಕೊಟ್ಟರೆ ಬರುವುದಿಲ್ಲ. ವೈದ್ಯ ಆರ್ನಾಲ್ಡ್ ಕೆಗೆಲ್ ಆ ವ್ಯಾಯಾಮವನ್ನು ವೈದ್ಯಲೋಕದ ಮುಂದಿಟ್ಟದ್ದು 1948ರಲ್ಲಿ. ಇಷ್ಟು ದಶಕ ಕಳೆದ ಮೇಲೂ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಕೂತು ಕಲಿಸುವವರು ಸಿಗುವುದು ಅಪರೂಪ.

ತರಬೇತಿಯನ್ನು ಅರೆಬರೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಶ್ರೀಮಂತ ದೇಶಗಳಲ್ಲೇ ಒಂದು ಕಹಿ ಪಾಠವಿದೆ. ಯೋನಿ ಮೆಶ್‌ನ (ಪ್ಲಾಸ್ಟಿಕ್ ಜಾಲರಿಯ) ಪ್ರಕರಣ ಅದು. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು ಮೂತ್ರನಾಳದ ಕೆಳಗೆ ಸಣ್ಣ ಪಾಲಿಪ್ರೊಪಿಲೀನ್ ಪಟ್ಟಿ ಇಟ್ಟು ಸೋರಿಕೆ ನಿಲ್ಲಿಸುವ ವಿಧಾನ ತಂದರು. ಅದು ಅನೇಕರಿಗೆ ಗುಣ ಕೊಟ್ಟಿತು. ಆ ಯಶಸ್ಸಿನ ನೆರಳಿನಲ್ಲಿ ತಯಾರಕರು ಜಾರಿದ ಅಂಗಗಳನ್ನು ಎತ್ತಲು ದೊಡ್ಡ ಮೆಶ್‌ಗಳನ್ನು, ಸೂಜಿಗಳೊಡನೆ ಪೊಟ್ಟಣ ಕಟ್ಟಿ, ಮಾರುಕಟ್ಟೆಗೆ ಬಿಟ್ಟರು. ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳಿನ ಸ್ಪರ್ಶದ ಮೇಲೆ ಸೂಜಿ ಚುಚ್ಚಿ ಹೊರಡಿಸುವ ಕ್ರಮ ಅದು. ಮನುಷ್ಯರ ಮೇಲೆ ದೀರ್ಘ ಪರೀಕ್ಷೆ ನಡೆಸದೆಯೇ, ಹಳೆಯ ಸಾಧನವನ್ನು ಹೋಲುತ್ತದೆ ಎಂಬ ಆಧಾರದ ಮೇಲೆ ಅಮೆರಿಕದಲ್ಲಿ ಅವಕ್ಕೆ ಅನುಮತಿ ಸಿಕ್ಕಿತು. ಕಲಿಸುವ ಕೆಲಸವನ್ನು ಬಹುಮಟ್ಟಿಗೆ ಕಂಪನಿಗಳೇ ವಹಿಸಿಕೊಂಡವು. ವರ್ಷಗಟ್ಟಲೆ ಕಲಿಯಬೇಕಾದ ಅಂಗರಚನೆಯನ್ನು ಪೊಟ್ಟಣದೊಡನೆ ಬಂದ ಕಾರ್ಯಾಗಾರದಲ್ಲಿ ಮುಗಿಸಿದವರು ಶಸ್ತ್ರಚಿಕಿತ್ಸೆಗೆ ಇಳಿದರು.

ಮೆಶ್ ಯೋನಿಯ ಗೋಡೆ ಕೊರೆದು ಹೊರಬಂತು. ಮೂತ್ರಕೋಶದೊಳಗೆ, ಗುದನಾಳದೊಳಗೆ ನುಗ್ಗಿತು. ಕೂರಲಾಗದ ನೋವು, ದಾಂಪತ್ಯ ಅಸಾಧ್ಯವಾಗುವ ನೋವು, ತೆಗೆಸಲು ಹೋದರೆ ಪೂರ್ತಿ ತೆಗೆಯಲಾಗದ ಸ್ಥಿತಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿ ಮೊದಲ ಎಚ್ಚರಿಕೆ ಹೊರಡಿಸಿದಾಗ ಹಿಂದಿನ ಮೂರು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಆ ಎಚ್ಚರಿಕೆಯಲ್ಲಿ ವೈದ್ಯರಿಗೆ ಕೊಟ್ಟ ಮುಖ್ಯ ಸಲಹೆಗಳಲ್ಲಿ ಒಂದು, ಪ್ರತಿಯೊಂದು ಮೆಶ್ ವಿಧಾನಕ್ಕೂ ವಿಶೇಷ ತರಬೇತಿ ಪಡೆಯಿರಿ ಎಂಬುದು. ಮಾರಾಟ ಶುರುವಾಗಿ ವರ್ಷಗಳಾದ ಮೇಲೆ ಬಂದ ಸಲಹೆ! 2011ರಲ್ಲಿ ಆ ಸಂಸ್ಥೆಯೇ ಈ ತೊಂದರೆಗಳು ಅಪರೂಪವಲ್ಲ ಎಂದಿತು, 2016ರಲ್ಲಿ ಅವನ್ನು ಅತಿ ಅಪಾಯದ ವರ್ಗಕ್ಕೆ ಸೇರಿಸಿತು, 2019ರ ಏಪ್ರಿಲ್‌ನಲ್ಲಿ ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ಮೆಶ್‌ನ ಮಾರಾಟವನ್ನೇ ನಿಲ್ಲಿಸಿತು. ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಅದೇ ವರ್ಷದ ನವೆಂಬರ್‌ನಲ್ಲಿ ತಯಾರಕ ಕಂಪನಿಯ ವಿರುದ್ಧ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಬ್ಯಾರೊನೆಸ್ ಜೂಲಿಯಾ ಕಂಬರ್ಲೆಜ್ ಅವರ ಪರಿಶೀಲನಾ ವರದಿ 2020ರ ಜುಲೈನಲ್ಲಿ ಹೊರಬಂತು. ಹೆಣ್ಣುಮಕ್ಕಳು ವರ್ಷಗಟ್ಟಲೆ ನೋವು ಹೇಳಿಕೊಂಡರೂ ಆರೋಗ್ಯ ವ್ಯವಸ್ಥೆ ಕೇಳಿಸಿಕೊಳ್ಳಲಿಲ್ಲ ಎಂದು ಅದು ನೇರವಾಗಿ ಬರೆಯಿತು. ನ್ಯೂಜಿಲೆಂಡ್ 2023ರಲ್ಲಿ ಸೋರಿಕೆಯ ಮೆಶ್‌ನ ಬಳಕೆಯನ್ನೂ ತಡೆಹಿಡಿದು, ಯಾವ ಶಸ್ತ್ರಚಿಕಿತ್ಸಕರು ಅರ್ಹರು ಎಂಬುದನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸುವ ಕ್ರಮಕ್ಕೆ ಕೈಹಾಕಿತು.

ಪ್ಲಾಸ್ಟಿಕ್ಕಿನದೇ ತಪ್ಪು ಎಂದು ಈ ಕಥೆಯನ್ನು ಮುಗಿಸಿಬಿಡುವವರಿದ್ದಾರೆ. ಕಂಪನಿಗಳ ಹೊಣೆಯನ್ನು ನಾವು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಆದರೆ ಯಾವ ಹೆಂಗಸಿಗೆ ಮೆಶ್ ಬೇಕು, ಯಾರಿಗೆ ಖಂಡಿತ ಬೇಡ, ಹಾಕಿದ್ದು ಕೆಟ್ಟರೆ ಯಾರು ತೆಗೆಯಬಲ್ಲರು ಎಂಬ ವಿವೇಚನೆ ಇಡೀ ಶ್ರೋಣಿಯನ್ನು ವರ್ಷಗಟ್ಟಲೆ ಕಲಿತವರಿಗೆ ಮಾತ್ರ ಬರುತ್ತದೆ. ಮೆಶ್ ಇಲ್ಲದೆ ದೇಹದ್ದೇ ಅಂಗಾಂಶದಿಂದ ದುರಸ್ತಿ ಮಾಡಲು ಬಾರದವರಿಗೆ ಪೊಟ್ಟಣ ಒಂದೇ ದಾರಿಯಾಗಿ ಕಾಣುತ್ತದೆ. ಈ ಪಾಠವನ್ನು ನಾವು ಬೇರೆಯವರ ನೋವಿನಿಂದಲೇ ಕಲಿಯಬಹುದು. ಕಲಿಯದಿದ್ದರೆ ನಮ್ಮ ಹೆಣ್ಣುಮಕ್ಕಳ ನೋವಿನಿಂದ ಕಲಿಯಬೇಕಾದೀತು.

ಈ ವಿದ್ಯೆಯ ಇತಿಹಾಸದ ಮೊದಲ ಪುಟದಲ್ಲೇ ಒಂದು ಕಳಂಕವಿದೆ. ಮೂತ್ರಕೋಶ ಮತ್ತು ಯೋನಿಯ ನಡುವಿನ ರಂಧ್ರವನ್ನು, ಫಿಸ್ಟುಲಾವನ್ನು, ಹೊಲಿಯುವ ವಿಧಾನಕ್ಕೆ ಹೆಸರಾದ ಜೆ. ಮೇರಿಯನ್ ಸಿಮ್ಸ್ 1845ರಿಂದ 1849ರವರೆಗೆ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಅದನ್ನು ಕಲಿತದ್ದು ಗುಲಾಮ ಹೆಣ್ಣುಮಕ್ಕಳ ದೇಹದ ಮೇಲೆ, ಅರಿವಳಿಕೆ ಕೊಡದೆ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಉಳಿದಿದೆ. ಅನಾರ್ಕಾ ಒಬ್ಬಳ ಮೇಲೆಯೇ ಮೂವತ್ತು ಸಲ ಶಸ್ತ್ರಕ್ರಿಯೆ ನಡೆಯಿತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಗುರುವಿಲ್ಲದೆ, ಕೇಳುವವರಿಲ್ಲದೆ, ಬಡವಳ ಮೈಮೇಲೆ ಕೈ ಪಳಗಿಸಿಕೊಳ್ಳುವ ರೂಢಿ ಪ್ರತಿಮೆಯೊಡನೆ ಹೋಗಲಿಲ್ಲ. ಮೇಲ್ವಿಚಾರಣೆ ಇಲ್ಲದೆ ಮೊದಲ ಹತ್ತು ಶಸ್ತ್ರಚಿಕಿತ್ಸೆ ಮಾಡುವ ಪ್ರತಿಯೊಬ್ಬ ಸರ್ಜನ್ ಆ ರೂಢಿಯನ್ನೇ ಮುಂದುವರಿಸುತ್ತಾನೆ. ಫೆಲೊಶಿಪ್ ಇರುವುದೇ ಅದನ್ನು ಕೊನೆಗಾಣಿಸಲು.

ಅದೇ ಫಿಸ್ಟುಲಾ ಕ್ಷೇತ್ರ ಮುಂದೆ ಒಂದು ಒಳ್ಳೆಯ ಮಾದರಿಯನ್ನೂ ಕೊಟ್ಟಿತು. ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿ 1959ರಲ್ಲಿ ಇಥಿಯೋಪಿಯಾಗೆ ಹೋದರು, 1974ರಲ್ಲಿ ಆಡಿಸ್ ಅಬಾಬಾದಲ್ಲಿ ಫಿಸ್ಟುಲಾ ಆಸ್ಪತ್ರೆ ತೆರೆದರು, ಅಲ್ಲಿಂದ ತರಬೇತಾದ ಕೈಗಳು ಬೇರೆ ದೇಶಗಳಿಗೂ ಹೋದವು. ಅಂತಾರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವಾದ ಫಿಗೊ 2011ರಲ್ಲಿ ಫಿಸ್ಟುಲಾ ಶಸ್ತ್ರಚಿಕಿತ್ಸೆಗೆ ಹಂತಹಂತದ ತರಬೇತಿ ಕೈಪಿಡಿ ತಂದಿತು. ಮೊದಲ ಹಂತ ದಾಟದವರು ಕಷ್ಟದ ಫಿಸ್ಟುಲಾಕ್ಕೆ ಕೈಹಾಕುವಂತಿಲ್ಲ. ಕಲಿತವರ ಆಸ್ಪತ್ರೆಗೆ ಗುರುಗಳೇ ಹೋಗಿ, ಅಲ್ಲಿನ ಮೇಜು, ಅಲ್ಲಿನ ದೀಪ, ಅಲ್ಲಿನ ನರ್ಸ್‌ಗಳ ನಡುವೆ ಅವರ ಕೆಲಸ ನೋಡುತ್ತಾರೆ. ಬಡ ದೇಶಗಳಿಗೆ ಹೊಂದುವಂತೆ ಕಟ್ಟಿದ ಕ್ರಮ ಇದು. ನಮಗೆ ಹಣವಿಲ್ಲ ಎಂಬ ನೆಪ ಇದರ ಮುಂದೆ ನಿಲ್ಲುವುದಿಲ್ಲ.

ಗರ್ಭಕೋಶ ಉಳಿಸುವ ಶಸ್ತ್ರಚಿಕಿತ್ಸೆ ವಿದೇಶದಿಂದ ಆಮದಾಗಬೇಕಾದದ್ದೂ ಅಲ್ಲ. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಕೆಲಸ ಮಾಡಿದ ವಿ. ಎನ್. ಶಿರೋಡ್ಕರ್ ಅವರ ಹೆಸರು ಗರ್ಭಕಂಠದ ಹೊಲಿಗೆಯಿಂದಾಗಿ ಜಗತ್ತಿಗೆಲ್ಲ ಗೊತ್ತು. ಅದೇ ಶಿರೋಡ್ಕರ್, ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ಜಾರಿದಾಗ ಅದನ್ನು ಉಳಿಸಿ ಎತ್ತಿ ಕಟ್ಟುವ ಸ್ಲಿಂಗ್ ವಿಧಾನವನ್ನೂ ರೂಪಿಸಿದರು. ಪುರಂದರೆ, ಖನ್ನಾ ಅವರ ಹೆಸರಿನ ವಿಧಾನಗಳೂ ಇದೇ ಉದ್ದೇಶದವು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರುಗಳು ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿವೆ. ವಿದ್ಯಾರ್ಥಿ ಚಿತ್ರ ಬರೆದು ಅಂಕ ಪಡೆಯುತ್ತಾನೆ, ಒಂದನ್ನೂ ಕೈಯಿಂದ ಮಾಡದೆ ಎಂಎಸ್ ಮುಗಿಸುತ್ತಾನೆ.

ತಾಯಂದಿರ ಸಾವು ತಡೆಯುವುದು ಮೊದಲು, ಇಂಥ ಸೂಕ್ಷ್ಮ ತರಬೇತಿ ಆಮೇಲೆ ಎನ್ನುವ ವಾದವನ್ನು ನಾವು ಗೌರವದಿಂದ ಕೇಳಿದ್ದೇವೆ, ಮತ್ತು ತಳ್ಳಿಹಾಕುತ್ತೇವೆ. 2018–20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69. ಕೇರಳದ 19ಕ್ಕೆ ಹೋಲಿಸಿದರೆ ಇದು ತಲೆತಗ್ಗಿಸಬೇಕಾದ ಅಂಕಿ, ಆ ಕೆಲಸ ಒಂದು ದಿನವೂ ನಿಲ್ಲಬಾರದು. ಆದರೆ ಬದುಕಿ ಬಂದ ತಾಯಿ ಮುಂದಿನ ನಲವತ್ತು ವರ್ಷ ಆ ಹೆರಿಗೆಯ ಗಾಯವನ್ನು ಹೊತ್ತು ನಡೆಯುತ್ತಾಳೆ. ಹೆರಿಗೆಯಲ್ಲಿ ಗುದದ ಸ್ನಾಯು ಹರಿದದ್ದನ್ನು ಆಗಲೇ ಗುರುತಿಸಿ ಪದರಪದರವಾಗಿ ಹೊಲಿದರೆ ಜೀವನಪೂರ್ತಿಯ ಅವಮಾನ ತಪ್ಪುತ್ತದೆ. ಅದನ್ನು ಹೆರಿಗೆ ಕೋಣೆಯ ಕಿರಿಯ ವೈದ್ಯರಿಗೆ ಕಲಿಸುವವರು ಶ್ರೋಣಿ ತಜ್ಞರೇ. ಒಂದಕ್ಕೆ ಇನ್ನೊಂದು ಎದುರಾಳಿ ಎಂದು ನಿಲ್ಲಿಸುವುದು ಆಡಳಿತಕ್ಕೆ ಅನುಕೂಲದ ವಾದ.

ತಜ್ಞರಿಗೇ ಮೀಸಲಿಟ್ಟರೆ ಹಳ್ಳಿಯ ಹೆಂಗಸಿಗೆ ಇದ್ದ ವೈದ್ಯರೂ ಇಲ್ಲವಾಗುತ್ತಾರೆ ಎಂಬ ಆತಂಕ ಇದಕ್ಕಿಂತ ಗಟ್ಟಿಯಾದದ್ದು. ಆದ್ದರಿಂದಲೇ ಫೆಲೊಶಿಪ್ ಮುಗಿಸಿದವರು ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಕೂತರೆ ಪ್ರಯೋಜನವಿಲ್ಲ ಎನ್ನುತ್ತಿದ್ದೇವೆ. ಪೆಸರಿ ಹಾಕುವುದು, ವ್ಯಾಯಾಮ ಕಲಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಆಗಬೇಕು. ಸರಳ ದುರಸ್ತಿಯನ್ನು ಜಿಲ್ಲಾಸ್ಪತ್ರೆಯ ಸ್ತ್ರೀರೋಗ ತಜ್ಞರೇ ಮಾಡಬೇಕು. ಎರಡನೆಯ ಸಲ ಜಾರಿದ್ದು, ಫಿಸ್ಟುಲಾ, ಮೆಶ್‌ನ ತೊಂದರೆ, ಎಳೆಯ ವಯಸ್ಸಿನವರದು ತಜ್ಞರ ಕೈಗೆ ಬರಬೇಕು. ಈ ಮೂರು ಹಂತಗಳನ್ನೂ ಬೆಸೆಯುವ, ಕೆಳಗಿನವರಿಗೆ ಕಲಿಸುವ ಹೊಣೆ ಫೆಲೊಶಿಪ್‌ನ ಭಾಗವೇ ಆಗಿರಬೇಕು.

ಕರ್ನಾಟಕಕ್ಕೆ ಸೌಕರ್ಯವಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಿಂದ ಕೂಗಳತೆಯಲ್ಲಿ ವಿಕ್ಟೋರಿಯಾ ಆವರಣದ ನೆಫ್ರೊ ಯುರಾಲಜಿ ಸಂಸ್ಥೆ ಇದೆ. ಒಂದರಲ್ಲಿ ಹೆಣ್ಣುಮಕ್ಕಳ ಸಾಲು, ಇನ್ನೊಂದರಲ್ಲಿ ಮೂತ್ರಾಂಗದ ತಜ್ಞರು. ಎರಡನ್ನೂ ಸೇರಿಸಿ ಒಂದು ತರಬೇತಿ ವಿಭಾಗ ಮಾಡಲು ಹೊಸ ಕಟ್ಟಡ ಬೇಡ, ಸಹಿ ಬೇಕು. ಮೈಸೂರಿನ ಚೆಲುವಾಂಬ, ಹುಬ್ಬಳ್ಳಿಯ ಕಿಮ್ಸ್, ಮತ್ತು ಎಲ್ಲಕ್ಕಿಂತ ಮೊದಲು ಕಲಬುರಗಿಯ ಜಿಮ್ಸ್ ಈ ಸ್ಥಾನಗಳಿಗೆ ಯೋಗ್ಯ. ತರಬೇತಿ ಕನಿಷ್ಠ ಎರಡು ವರ್ಷದ್ದಾಗಿರಬೇಕು, ಶುಲ್ಕವಿಲ್ಲದೆ, ವೇತನ ಸಹಿತ. ಯಾವ ಶಸ್ತ್ರಚಿಕಿತ್ಸೆಯನ್ನು ನೋಡಿದರು, ಯಾವುದಕ್ಕೆ ಸಹಾಯಕರಾದರು, ಯಾವುದನ್ನು ಗುರುಗಳ ಕಣ್ಣೆದುರು ತಾವೇ ಮಾಡಿದರು ಎಂಬ ದಾಖಲೆ ಪುಸ್ತಕ ಹೊರಗಿನ ಪರೀಕ್ಷಕರ ಮುಂದೆ ತೆರೆಯಬೇಕು. ಶಸ್ತ್ರಚಿಕಿತ್ಸೆಯಾದ ಹೆಂಗಸು ಒಂದು ವರ್ಷದ ಮೇಲೆ, ಐದು ವರ್ಷದ ಮೇಲೆ ಹೇಗಿದ್ದಾಳೆ ಎಂಬುದು ಆ ದಾಖಲೆಯಲ್ಲಿ ಸೇರಬೇಕು, ಏಕೆಂದರೆ ಈ ವಿಭಾಗದಲ್ಲಿ ಸೋಲು ಡಿಸ್ಚಾರ್ಜ್ ದಿನ ಕಾಣುವುದಿಲ್ಲ. ಸಾಧನ ಮಾರುವ ಕಂಪನಿಯ ಹಣ ಪಠ್ಯಕ್ರಮದ ಹತ್ತಿರ ಸುಳಿಯಬಾರದು. ಕೆಲವು ವಾರಗಳ ಕೋರ್ಸಿಗೆ ಫೆಲೊಶಿಪ್ ಎಂಬ ಹೆಸರನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಾಗಲಿ ವೈದ್ಯಕೀಯ ಪರಿಷತ್ತಾಗಲಿ ಒಪ್ಪಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಕ್ಯಾನ್ಸರ್ ಮತ್ತು ಬಂಜೆತನದ ಸಾಲಿನಲ್ಲೇ ನಿಲ್ಲಿಸುವವರೆಗೆ ರಾಜ್ಯ ಕಾಯುತ್ತ ಕೂರಬೇಕಾಗಿಲ್ಲ. ನಲವತ್ತರೊಳಗಿನ ಹೆಂಗಸಿಗೆ ಗರ್ಭಕೋಶ ಜಾರಿದ ಕಾರಣಕ್ಕೆ ತೆಗೆಯುವುದಿದ್ದರೆ ಹೀಗೆ ತರಬೇತಾದವರ ಎರಡನೆಯ ಅಭಿಪ್ರಾಯ ಕಡ್ಡಾಯವಾಗಬೇಕು. ಅದಿಲ್ಲದ ಬಿಲ್ಲಿಗೆ ಸರ್ಕಾರಿ ವಿಮೆ ಹಣ ಕೊಡಬಾರದು.

ಕಲಿಸುವವರು ಎಲ್ಲಿದ್ದಾರೆ ಎಂಬುದು ಕೊನೆಯ ಪ್ರಶ್ನೆ, ಮತ್ತು ತುರ್ತಿನ ಪ್ರಶ್ನೆ. ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ಜಾರಿದ್ದನ್ನು ಕಟ್ಟುತ್ತಿದ್ದ ಒಂದು ಹಿರಿಯ ತಲೆಮಾರು ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಇನ್ನೂ ಇದೆ. ಲ್ಯಾಪರೊಸ್ಕೋಪಿ ಬಂದ ಮೇಲೆ ಕಿರಿಯರು ಆ ವಿದ್ಯೆಯತ್ತ ಬರುವುದು ಕಡಿಮೆಯಾಯಿತು. ಆ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರನ್ನು ಬೋಧಕರಾಗಿ ಉಳಿಸಿಕೊಳ್ಳುವ ಆದೇಶವನ್ನು, ಅವರ ಜೊತೆ ನಿಲ್ಲಲು ಪ್ರತಿ ಕೇಂದ್ರಕ್ಕೂ ಒಬ್ಬ ಯುರಾಲಜಿಸ್ಟ್, ಒಬ್ಬ ಫಿಸಿಯೊಥೆರಪಿಸ್ಟ್ ಹುದ್ದೆಯನ್ನು ವೈದ್ಯಕೀಯ ಶಿಕ್ಷಣ ಇಲಾಖೆ ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಮಂಜೂರು ಮಾಡಬೇಕು. ಮೊದಲ ತಂಡದ ಅರ್ಜಿ ಕಲಬುರಗಿಯಿಂದಲೇ ಕರೆಯಬೇಕು.